ಬ್ರೇಕ್ ಆಯಿಲ್ ಅಂದರೆ ಆಯಿಲ್ ಅಲ್ಲ

ನನ್ನ ಮೈನರ್ ನಿಧಾನದ ಗಾಡಿ. 1959ರ ಮಾರಿಸ್ ಮೈನರ್ 1000, 948 ಸಿಸಿ ಎಂಜಿನ್, ಹೊಸದಾಗಿದ್ದಾಗಲೇ ಇದ್ದದ್ದು 37 ಕುದುರೆ. ಈಗ ಅದರಲ್ಲಿ ಎಷ್ಟು ಕುದುರೆ ಉಳಿದಿವೆಯೋ, ಎಷ್ಟು ಕತ್ತೆಯಾಗಿವೆಯೋ ಯಾರೂ ಎಣಿಸಿಲ್ಲ. ಹಾಗಾಗಿ ಆ ಭಾನುವಾರ ಹಳೆ ಕಾರಿನ ಗೆಳೆಯರ ಜೊತೆ ಸಾಲಾಗಿ ಹೊರಟಾಗ ಏರಿನಲ್ಲಿ ಗಾಡಿ ಎಳೆಯಲಿಲ್ಲ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೇ ಗೇರಿಗೆ ಇಳಿಸಿದೆ. ಆಮೇಲೆ ಎರಡನೆಯದಕ್ಕೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಮುಂದಕ್ಕೆ ಹೋಗುತ್ತಿತ್ತು, ಆದರೆ ಆ ಚಾಳಿ ಕೆಲವು ತಿಂಗಳಿಂದ ಇತ್ತು, ವಯಸ್ಸಾಯಿತಲ್ಲ ಅಂದುಕೊಂಡಿದ್ದೆ. ಏರು ಮುಗಿದು ಸಮತಟ್ಟು ರಸ್ತೆ ಬಂದರೂ ಎರಡನೇ ಗೇರಿನಲ್ಲೇ ಒದ್ದಾಡಬೇಕಾಗಿ ಬಂದಾಗ ಮಾತ್ರ ಏನೋ ಎಡವಟ್ಟಾಗಿದೆ ಅನ್ನಿಸಿತು.

ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಬೀಟಲ್ ಲೈಟ್ ಮಿಣುಕಿಸಿ ಮಿಣುಕಿಸಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿತು. ಅದರ ಮಾಲೀಕ ಇಳಿದು ಬಂದವನೇ ಕೇಳಿದ: "ಹತ್ತು ನಿಮಿಷದಿಂದ ನಿಮ್ಮ ಬ್ರೇಕ್ ಲೈಟ್ ಆರಿಯೇ ಇಲ್ಲ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಿದ್ದೀರಾ?"

ಇಲ್ಲಪ್ಪಾ ಅಂದೆ. ಅಂದ ತಕ್ಷಣ ತಲೆಗೆ ಹೊಳೆಯಿತು. ಮೈನರ್‌ನಲ್ಲಿ ಬ್ರೇಕ್ ಲೈಟಿನ ಸ್ವಿಚ್ ಪೆಡಲ್ ಹತ್ತಿರ ಇಲ್ಲ. ಅದು ಬ್ರೇಕ್ ಪೈಪಿಗೇ ಕೂತಿದೆ, ಒಳಗಿನ ಒತ್ತಡಕ್ಕೆ ಕೆಲಸ ಮಾಡುತ್ತದೆ. ಲೈಟ್ ಉರಿಯುತ್ತಿದೆ ಅಂದರೆ ಪೈಪಿನಲ್ಲಿ ಒತ್ತಡ ಇದೆ. ಕಾಲು ತೆಗೆದರೂ ಬ್ರೇಕ್ ಬಿಟ್ಟಿಲ್ಲ.

ಚಕ್ರದೊಳಗಿನ ಬ್ರೇಕ್ ಡ್ರಮ್ ಹತ್ತಿರ ಕೈ ಒಯ್ದೆ, ಮುಟ್ಟುವ ಅಗತ್ಯವೇ ಬರಲಿಲ್ಲ. ನಾಲ್ಕೂ ಚಕ್ರದಿಂದ ಲೈನರ್ ಸುಟ್ಟ ವಾಸನೆ. ನ್ಯೂಟ್ರಲ್‌ಗೆ ಹಾಕಿ ಮೂವರು ತಳ್ಳಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಪೆಡಲ್ ಒತ್ತಿ ನೋಡಿದರೆ ಕಲ್ಲು. ಮೇಲೆಯೇ ನಿಂತಿದೆ, ಒಂದಿಂಚೂ ಇಳಿಯುವುದಿಲ್ಲ.

ಹಳೆ ಗಾಡಿ ರಸ್ತೆ ಬದಿ ನಿಂತರೆ ಏನಾಗುತ್ತದೆ ಅಂತ ಈ ಹುಚ್ಚು ಇರುವವರಿಗೆಲ್ಲ ಗೊತ್ತು. ಆರು ಜನ ಸೇರಿದರು, ಏಳು ಅಭಿಪ್ರಾಯ ಬಂತು. ಹ್ಯಾಂಡ್ ಬ್ರೇಕ್ ಸಿಕ್ಕಿಕೊಂಡಿದೆ ಅಂತ ಒಬ್ಬರು (ಅದು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಮುಂದಿನದು ಯಾಕೆ ಸುಡುತ್ತದೆ?). ಡ್ರಮ್ಮನ್ನು ಒಳಗಿಂದ ಒತ್ತುವ ಶೂ ಜಾಸ್ತಿ ಟೈಟ್ ಮಾಡಿದ್ದೀಯ ಅಂತ ಇನ್ನೊಬ್ಬರು. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಜೀವನ ಪೂರ್ತಿ ಲೇಥ್ ಮುಂದೆ ನಿಂತವರು, ಮಾತು ಕಡಿಮೆ. ಎಲ್ಲರದೂ ಮುಗಿಯಲಿ ಅಂತ ಕಾದು ಅವರು ಹೇಳಿದ್ದು ಇಷ್ಟೇ: "ಒಂದು ಚಕ್ರ ಹಿಡಿದರೆ ಚಕ್ರದ ಹತ್ತಿರ ಹುಡುಕು. ನಾಲ್ಕೂ ಹಿಡಿದರೆ ನಾಲ್ಕಕ್ಕೂ ಒಂದೇ ಆಗಿರೋದನ್ನ ಹುಡುಕು."

ನಾಲ್ಕಕ್ಕೂ ಒಂದೇ ಇರುವುದು ಮಾಸ್ಟರ್ ಸಿಲಿಂಡರ್, ಪೆಡಲ್ ಒತ್ತಿದಾಗ ಪೈಪುಗಳಿಗೆ ಫ್ಲೂಯಿಡ್ ತಳ್ಳುವುದು ಅದೇ. ಇದು ಒಂದೇ ಸರ್ಕ್ಯೂಟಿನ ಗಾಡಿ, ಈಗಿನ ಕಾರುಗಳ ಹಾಗೆ ಎರಡು ಭಾಗವಿಲ್ಲ.

ಮೈನರ್‌ನಲ್ಲಿ ಆ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ನೆಲದ ಅಡಿಯ ಚಾಸಿ ಬಾಕ್ಸಿನೊಳಗೆ ಅಡಗಿದೆ. ಹಿರಿಯರು ಕಾರ್ಪೆಟ್ ಎತ್ತಿ, ಮುಚ್ಚಳದ ತಗಡು ಬಿಚ್ಚಿ, ಪ್ಲಗ್ ತೆಗೆದರು. ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದರು. ಮುಖ ಸಣ್ಣಗೆ ಮಾಡಿಕೊಂಡು ನೀರಿನ ಬಾಟಲ್ ಕೇಳಿದರು. ಖಾಲಿ ಪ್ಲಾಸ್ಟಿಕ್ ಬಾಟಲ್ ಒಂದನ್ನು ಅರ್ಧಕ್ಕೆ ಕತ್ತರಿಸಿ ನೀರು ತುಂಬಿಸಿ, ಕಡ್ಡಿಯ ತುದಿಯಿಂದ ನಾಲ್ಕು ಹನಿ ಬಿಟ್ಟರು.

ಬ್ರೇಕ್ ಫ್ಲೂಯಿಡ್ ಗ್ಲೈಕಾಲ್ ಬಗೆಯದು. ನೀರಿಗೆ ಬಿದ್ದರೆ ಕೆಳಗಿಳಿದು ಕರಗಿ ಮಾಯವಾಗಬೇಕು. ನನ್ನದರಲ್ಲಿ ಅರ್ಧ ಕರಗಿತು. ಇನ್ನರ್ಧ ಮೇಲೆ ತೇಲಿ, ಮಳೆ ಬಿದ್ದ ರಸ್ತೆ ಮೇಲೆ ಪೆಟ್ರೋಲ್ ಹರಡಿದ ಹಾಗೆ ಏಳು ಬಣ್ಣದ ಪೊರೆ ಕಟ್ಟಿತು.

"ಇದಕ್ಕೆ ಯಾರೋ ಎಣ್ಣೆ ಹಾಕಿದ್ದಾರೆ" ಅಂದರು.

ನಾವೆಲ್ಲ ಬಾಯಲ್ಲಿ ಬ್ರೇಕ್ ಆಯಿಲ್ ಅಂತಲೇ ಹೇಳುತ್ತೇವೆ. ಆದರೆ ಅದು ಆಯಿಲ್ ಅಲ್ಲ, ಎಂಜಿನ್ ಆಯಿಲ್ ಜೊತೆ ಅದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲ. ಬ್ರೇಕಿನ ರಬ್ಬರ್‌ಗಳನ್ನು ಗ್ಲೈಕಾಲ್‌ನಲ್ಲಿ ಇರಲಿ ಅಂತಲೇ ಮಾಡಿರುವುದು. ಪೆಟ್ರೋಲಿಯಂ ಎಣ್ಣೆ ಸ್ವಲ್ಪ ತಾಗಿದರೂ ಅವು ಅದನ್ನು ಕುಡಿದು, ನೀರಲ್ಲಿ ನೆನೆಸಿಟ್ಟ ಕಡಲೆಕಾಳಿನ ಹಾಗೆ ಊದಿಕೊಳ್ಳುತ್ತವೆ. ಊದಿದರೆ ಏನಾಗುತ್ತದೆ? ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸೂಜಿಗಣ್ಣಿನಷ್ಟು ಸಣ್ಣ ತೂತು ಇದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿದು ಆ ತೂತು ತೆರೆದುಕೊಳ್ಳುತ್ತದೆ, ಪೈಪಿನಲ್ಲಿ ಉಳಿದ ಒತ್ತಡ ಅಲ್ಲಿಂದ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ರಬ್ಬರ್ ಕಪ್ ದಪ್ಪಗಾಗಿ ಆ ತೂತಿನ ಮೇಲೇ ಕೂತರೆ ಫ್ಲೂಯಿಡ್‌ಗೆ ದಾರಿ ಇಲ್ಲ. ಡ್ರಮ್ ಬಿಸಿಯಾಗುತ್ತದೆ, ಆ ಬಿಸಿಗೆ ಫ್ಲೂಯಿಡ್ ಹಿಗ್ಗುತ್ತದೆ, ಹಿಗ್ಗಿದ್ದಕ್ಕೂ ದಾರಿ ಇಲ್ಲದೆ ಶೂ ಇನ್ನೂ ಗಟ್ಟಿಯಾಗಿ ಒತ್ತುತ್ತದೆ, ಅದರಿಂದ ಡ್ರಮ್ ಇನ್ನೂ ಬಿಸಿ. ಹೀಗೆ ತನ್ನನ್ನು ತಾನೇ ಹಿಂಡಿಕೊಳ್ಳುತ್ತಾ ಹೋಗುತ್ತದೆ.

ಎಲ್ಲ ತಣ್ಣಗಾಗಲಿ ಅಂತ ಕಾದು, ಚಕ್ರದ ಹತ್ತಿರ ಫ್ಲೂಯಿಡ್ ಹೊರಬಿಡುವ ಒಂದು ಬ್ಲೀಡ್ ನಿಪ್ಪಲ್ ಸಡಿಲಿಸಿದರು. ಚಿರ್ರಂತ ಒಂದು ಚಿಮ್ಮು ಹಾರಿತು, ನಾಲ್ಕೂ ಚಕ್ರ ಬಿಟ್ಟುಕೊಂಡವು. ಓಡಿಸಿಕೊಂಡು ಹೋಗೋಣವಾ ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ, ಒಬ್ಬರು ಟ್ರೇಲರ್ ತರಲು ಹೊರಟರು. ಊದಿದ ರಬ್ಬರ್ ಯಾವಾಗ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ.

ಮೊದಲ ವಾರ: ಬೋಲ್ಟು

ಎಣ್ಣೆ ಬೆರೆತರೆ ಬ್ರೇಕಿನಲ್ಲಿರುವ ರಬ್ಬರ್ ಎಲ್ಲವನ್ನೂ ಎಸೆಯಬೇಕು ಅನ್ನುವುದು ನಿಯಮ. ಎಲ್ಲವನ್ನೂ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ಅದನ್ನು ಮರೆಯುತ್ತೇನೆ.

ಮೊದಲು ಮಾಸ್ಟರ್ ಸಿಲಿಂಡರ್ ಹೊರಗೆ ತೆಗೆಯಬೇಕು. ಅದನ್ನು ಹಿಡಿದಿರುವುದು ಚಾಸಿ ಬಾಕ್ಸಿಗೆ ಅಡ್ಡಡ್ಡ ತೂರಿಸಿದ ಎರಡು ಉದ್ದ ಬೋಲ್ಟು. ನಟ್ ಬಿಚ್ಚಿ ಬೋಲ್ಟ್ ಎಳೆದರೆ ಮುಗಿಯಿತು, ಅಲ್ವಾ? ಇಲ್ಲ. ಬೋಲ್ಟ್ ಹೊರಗೆ ಬರುವ ದಾರಿಗೆ ಸರಿಯಾಗಿ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಹಾದುಹೋಗಿದೆ. ಬೋಲ್ಟ್ ಸ್ವಲ್ಪ ದೂರ ಬಂದು ಬಾರ್‌ಗೆ ತಲೆ ಚಚ್ಚಿಕೊಂಡು ನಿಲ್ಲುತ್ತದೆ. ಮೈನರ್ ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ ಬಗ್ಗೆ ನನಗೆ ಬಹಳ ಗೌರವ. 1948ರಲ್ಲಿ ಸಣ್ಣ ಕಾರಿಗೆ ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್, ಟಾರ್ಷನ್ ಬಾರ್ ಸಸ್ಪೆನ್ಷನ್ ಕೊಟ್ಟ ಮನುಷ್ಯ. ಮಾದರಿ ಗಾಡಿ ಕಣ್ಣಿಗೆ ಕಿರಿದಾಗಿ ಕಾಣುತ್ತದೆ ಅಂತ ಅದನ್ನು ಉದ್ದಕ್ಕೆ ಸೀಳಿಸಿ, 4 ಇಂಚು ಅಗಲ ಹೆಚ್ಚಿಸಿದವರು. ಬಾನೆಟ್ ನಡುವೆ ಕಾಣುವ ಚಪ್ಪಟೆ ಪಟ್ಟಿ ಆ 4 ಇಂಚಿನ ಗುರುತೇ. ಆದರೂ ಬೆನ್ನ ಕೆಳಗೆ ರಟ್ಟು ಹಾಸಿಕೊಂಡು ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಬೀಳಿಸಿಕೊಳ್ಳುತ್ತಾ ಆ ಬೋಲ್ಟ್ ನೋಡುವಾಗ ಅವರ ಬಗ್ಗೆ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ, ಬಿಚ್ಚಿದ ಚಕ್ರವನ್ನೂ ಸಿಲ್ ಕೆಳಗೆ ತಳ್ಳಿ. ಟಾರ್ಷನ್ ಬಾರ್ ಅಂದರೆ ತಿರುಚಿಟ್ಟ ಸ್ಪ್ರಿಂಗ್. ಅದರ ಮೇಲಿನ ಭಾರ ಪೂರ್ತಿ ಇಳಿಸುವ ತನಕ ಯಾವ ನಟ್ಟನ್ನೂ ಮುಟ್ಟಬಾರದು, ಇದರಲ್ಲಿ ತಮಾಷೆ ಇಲ್ಲ. ಭಾರ ಇಳಿಸಿ, ಹಿಂದಿನ ಲಿವರ್ ಬಿಚ್ಚುವ ಮೊದಲು ಬಾರ್‌ನ ಹಲ್ಲಿಗೂ ಲಿವರ್‌ಗೂ ಸೇರಿ ಸೆಂಟರ್ ಪಂಚ್‌ನಲ್ಲಿ ಒಂದೊಂದು ಚುಕ್ಕೆ ಹೊಡೆದೆ. ಒಂದು ಹಲ್ಲು ಆಚೀಚೆ ಕೂತರೂ ಗಾಡಿಯ ಒಂದು ಭುಜ ಇಳಿದು ನಿಲ್ಲುತ್ತದೆ.

ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮೂರು ದಿನ ಬಿಟ್ಟೆ. ದಿನಾ ಸಂಜೆ ಹೋಗಿ ಎರಡು ಏಟು, ಇನ್ನೊಂಚೂರು ಎಣ್ಣೆ. ಮೂರನೇ ದಿನ ಒಂದು ಬೋಲ್ಟ್ 'ಕಿರ್' ಅಂದಿತು. ಆ ಸದ್ದು ಕೇಳಿದವರಿಗೇ ಗೊತ್ತು ಅದರ ಖುಷಿ. ಇನ್ನೊಂದು ಅರ್ಧ ಸುತ್ತು ತಿರುಗಿ, ಬೋಲ್ಟ್ ತಿರುಗುತ್ತಿದೆಯೋ ಮುರಿಯುತ್ತಿದೆಯೋ ತಿಳಿಯದ ಆ ಮೆತ್ತಗಿನ ಹಂತಕ್ಕೆ ಬಂತು. ಅಲ್ಲಿ ನಿಲ್ಲಿಸಿ ಫೋನ್ ಮಾಡಿದೆ. ಬೀಟಲ್ ಮಾಲೀಕ ಬಂದು ಆ ತುದಿಯಿಂದ ಹಿತ್ತಾಳೆಯ ಡ್ರಿಫ್ಟ್ ಇಟ್ಟು ಹೊಡೆದ, ನಾನು ಈ ತುದಿಯಿಂದ ಸ್ಪ್ಯಾನರ್‌ನಲ್ಲಿ ಹಿಂದೆ ಮುಂದೆ ಆಡಿಸಿದೆ. ನಲವತ್ತು ನಿಮಿಷ. ಬಂತು.

ಗುಂಪಿನಲ್ಲಿ ಮೈನರ್ ಇಟ್ಟವರೆಲ್ಲ ಹೇಳುವ ಒಂದು ಮಾತಿದೆ, ವಾಪಸ್ ಜೋಡಿಸುವಾಗ ಬೋಲ್ಟುಗಳನ್ನು ಉಲ್ಟಾ ಹಾಕು, ತಲೆ ಆ ಕಡೆ, ನಟ್ ಈ ಕಡೆ. ಆಗ ಮುಂದಿನ ಸಲ ಟಾರ್ಷನ್ ಬಾರ್ ಮುಟ್ಟದೆಯೇ ಎಳೆಯಬಹುದು. ನನ್ನ ಗಾಡಿ ನನಗಿಂತ ಮೊದಲು ಎಷ್ಟು ಕೈ ದಾಟಿದೆಯೋ, ಅವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಾನು ಹಾಕಿದ್ದೇನೆ. ನನ್ನ ನಂತರ ಇದನ್ನು ಬಿಚ್ಚುವವರು ಯಾರಾದರೂ ಇರಲಿ, ನನಗೊಂದು ಥ್ಯಾಂಕ್ಸ್ ಹೇಳಲಿ.

ಸಿಲಿಂಡರ್ ಬೆಂಚ್ ಮೇಲೆ ಬಿಚ್ಚಿದಾಗ ಅನುಮಾನವೇ ಉಳಿಯಲಿಲ್ಲ. ಪಿಸ್ಟನ್ ಮುಂದಿನ ಕಪ್ ಒಳಗಿಂದ ಜಾರಿ ಬರಬೇಕು, ಅದು ಸೋಡಾ ಬಾಟಲಿಯ ಬಿರಡೆಯ ಹಾಗೆ ಎಳೆದರೆ ಬಂತು. ಹೊಸ ಕಪ್ ಪಕ್ಕ ಇಟ್ಟು ವರ್ನಿಯರ್ ಹಿಡಿದೆ, ಹಳೆಯದು ಒಂದೂವರೆ ಮಿಲಿಮೀಟರ್ ಜಾಸ್ತಿ. ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿಯಿತು. ರಬ್ಬರ್ ಅನ್ನುವುದಕ್ಕಿಂತ ಹಳೆ ಚ್ಯೂಯಿಂಗ್ ಗಮ್ ಅನ್ನಬಹುದು.

ಸಿಲಿಂಡರ್ ಒಳಮೈ ಮಾತ್ರ ಚೆನ್ನಾಗಿತ್ತು, ಅದೃಷ್ಟ. ಟಾರ್ಚ್ ಬಿಟ್ಟು ನೋಡಿದೆ, ಗುಳಿ ಇಲ್ಲ, ಗೀರು ಇಲ್ಲ. ಗುಳಿ ಬಿದ್ದಿದ್ದರೆ ಹೊಸ ಸಿಲಿಂಡರ್ ಹುಡುಕಬೇಕು, ಇಲ್ಲ ಅಂದರೆ ಒಳಗೆ ಸ್ಟೇನ್‌ಲೆಸ್ ತೋಳು ಕೂರಿಸಬೇಕಾಗುತ್ತದೆ. ಆ ಸಣ್ಣ ತೂತಿಗೆ ವೈರ್ ಒಳಗಿನ ಒಂದೇ ಎಳೆ ತಾಮ್ರದ ತಂತಿ ತೂರಿಸಿ ಆಡಿಸಿದೆ. ಸಿಲಿಂಡರ್ ತುದಿಯಲ್ಲಿ ಚೆಕ್ ವಾಲ್ವ್ ಇದೆ, ಅದರ ಅಡಿಯಲ್ಲಿ ಒಂದು ರಬ್ಬರ್ ವಾಷರ್ ಕೂತಿರುತ್ತದೆ. ಕಪ್ಪು ತಳದಲ್ಲಿ ಕಪ್ಪು ರಬ್ಬರ್, ಕಣ್ಣಿಗೆ ಬೀಳುವುದೇ ಇಲ್ಲ. ಬಹಳ ಜನ ಹಳೆಯದನ್ನು ಅಲ್ಲೇ ಬಿಟ್ಟು ಅದರ ಮೇಲೆ ಹೊಸದನ್ನು ಹಾಕುತ್ತಾರೆ. ಹಲ್ಲಿನ ಡಾಕ್ಟರ್ ಬಳಸುವಂಥ ಕೊಕ್ಕೆಯಿಂದ ಎತ್ತಿ ತೆಗೆದೆ.

ಎರಡನೇ ವಾರ: ಚಕ್ರಗಳು

ಮುಂದಿನ ಚಕ್ರಕ್ಕೆ ಎರಡೆರಡು, ಹಿಂದಿನದಕ್ಕೆ ಒಂದೊಂದು, ಒಟ್ಟು ಆರು ವೀಲ್ ಸಿಲಿಂಡರ್, ಶೂಗಳನ್ನು ತಳ್ಳುವವು. ಈ ವರ್ಷದ ಮಾದರಿಗೆ ಮುಂದೆಯೂ 7 ಇಂಚಿನ ಡ್ರಮ್ಮೇ. 1962ರಲ್ಲಿ 1098 ಸಿಸಿ ಎಂಜಿನ್ ಬಂದ ಮೇಲೆ ಮುಂದಿನದು 8 ಇಂಚಾಯಿತು, ಹಾಗಾಗಿ ಸ್ಪೇರ್ ಕೇಳುವಾಗ ವರ್ಷ ಹೇಳದಿದ್ದರೆ ತಪ್ಪು ಡಬ್ಬ ಬರುತ್ತದೆ. ಡ್ರಮ್ ಹಿಡಿದಿರುವುದು ಎರಡು ಸ್ಕ್ರೂ ಮಾತ್ರ. ಆದರೆ ಅವು ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಅದು ನನ್ನ ಹತ್ತಿರ ಇಲ್ಲ. ನಮ್ಮ ಗುಂಪಿನಲ್ಲಿ ಇರುವುದು ಒಂದೇ ಒಂದು, ಅದು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ, ಅದರ ನಿಜವಾದ ಮಾಲೀಕ ಯಾರು ಅಂತ ಈಗ ಯಾರಿಗೂ ನೆನಪಿಲ್ಲ.

ಡ್ರಮ್ ಒಳಗಿನ ಧೂಳನ್ನು ಬಾಯಿಂದಲೋ ಏರ್ ಗನ್‌ನಿಂದಲೋ ಊದಬೇಡಿ. ಹಳೆ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ನಾನು ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿದೆ.

ಸಿಲಿಂಡರ್ ಕಿಟ್‌ಗಳು ಬಂದವು, ಕೂರಿಸಿದೆ, ಇದರಲ್ಲಿ ಹೇಳುವುದೇನೂ ಇಲ್ಲ. ಎರಡು ಸಿಲಿಂಡರ್ ಮಾತ್ರ ತುಕ್ಕು ತಿಂದಿದ್ದವು, ಅವಕ್ಕೆ ಹೊಸದು ತರಿಸಿದೆ. ಅದರಲ್ಲಿ ಒಂದು ಗುಮಾನಿ ಬಂತು. ಪೈಪಿನ ಯೂನಿಯನ್ ನಟ್ಟನ್ನು ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಜಾಸ್ತಿಯೇ ಸಲೀಸು. ಅಲುಗಾಡಿಸಿದರೆ ಕಟಕಟ ಅಂದಿತು. ನನ್ನ ಗಾಡಿಯ ಯೂನಿಯನ್ 3/8 ಇಂಚಿನ ಯುಎನ್ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್), ಅಂದರೆ 9.5 ಮಿಲಿಮೀಟರ್ ಚಿಲ್ಲರೆ. ಬಂದಿದ್ದ ಸಿಲಿಂಡರ್‌ಗೆ 10 ಮಿಲಿಮೀಟರ್ ಮೆಟ್ರಿಕ್ ತೂತು. ಎರಡರ ಥ್ರೆಡ್ ಹೆಚ್ಚುಕಮ್ಮಿ ಒಂದೇ ಅಂತರದ್ದು, ಹಾಗಾಗಿ ಒಳಗೆ ಹೋಗುತ್ತದೆ, ಟೈಟ್ ಆದ ಹಾಗೂ ಅನ್ನಿಸುತ್ತದೆ. ಮೊದಲ ಸಲ ಜೋರಾಗಿ ಬ್ರೇಕ್ ಒತ್ತಿದಾಗ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹಿಂದಕ್ಕೆ ಕಳಿಸಿ ಸರಿಯಾದದ್ದು ತರಿಸಿದೆ, ಅದಕ್ಕೆ ಒಂದು ವಾರ ಹೋಯಿತು.

ಪೈಪುಗಳನ್ನೆಲ್ಲ ಸ್ಪಿರಿಟ್ ಹಾಕಿ ತೊಳೆದೆ. ಮೊದಲ ಸಲ ಬಂದದ್ದು ಕಂದು ಬಣ್ಣದ ಗಂಜಿ, ನಾಲ್ಕನೇ ಸಲಕ್ಕೆ ತಿಳಿ. ಪ್ರತಿ ಸಲವೂ ನೀರಿನ ಬಾಟಲಿಗೆ ನಾಲ್ಕು ಹನಿ ಬಿಟ್ಟು ನೋಡಿದೆ, ಪೊರೆ ಕಟ್ಟುವುದು ನಿಲ್ಲುವ ತನಕ.

ಆಮೇಲೆ ಹೋಸ್. ಮೈನರ್‌ಗೆ ಬಾಗುವ ರಬ್ಬರ್ ಹೋಸ್ ಮೂರು: ಮುಂದಿನ ಚಕ್ರಕ್ಕೆ ಒಂದೊಂದು, ಹಿಂದಿನ ಆಕ್ಸಲ್‌ಗೆ ಒಂದು. ಹಿಂದಿನದು ಹಳೆಯದಾಗಿತ್ತು, ಬದಲಿಸಿದೆ. ಮುಂದಿನ ಎರಡನ್ನು ಹಿಂದಿನ ವರ್ಷ ತಾನೇ ಹಾಕಿದ್ದೆ. ಹೊರಗೆ ಮಿರಿಮಿರಿ ಕಪ್ಪು, ಒಂದು ಬಿರುಕಿಲ್ಲ. ಒರೆಸಿ, ಬಗ್ಗಿಸಿ ನೋಡಿ, ಚೆನ್ನಾಗಿದೆ ಅಂತ ಬಿಟ್ಟೆ.

ಎಲ್ಲವನ್ನೂ ಎಸೆಯಬೇಕು ಅಂದಿದ್ದೆನಲ್ಲ, ಅದು ಇಲ್ಲಿ ಮರೆಯಿತು.

ಬ್ಲೀಡಿಂಗ್‌ಗೆ (ಪೈಪಿನೊಳಗಿನ ಗಾಳಿ ಹೊರಹಾಕುವುದಕ್ಕೆ) ಎರಡು ಜನ ಬೇಕು. ಒಬ್ಬರೇ ಮಾಡುವ ಉಪಕರಣಗಳಿವೆ, ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ, ಪೆಡಲ್ ಮೇಲೆ ಒಂದು ಕಾಲು, ನಿಪ್ಪಲ್ ಮೇಲೆ ಒಂದು ಸ್ಪ್ಯಾನರ್ ಇದ್ದರೇ ಸರಿ. ಹಿರಿಯರೇ ಬಂದು ಸೀಟಿನಲ್ಲಿ ಕೂತರು. ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್, ಅದರ ತುದಿ ಫ್ಲೂಯಿಡ್ ತುಂಬಿದ ಬಾಟಲಿಯಲ್ಲಿ ಮುಳುಗಿರಬೇಕು. ನಾನು ಕೆಳಗಿಂದ "ಒತ್ತಿ" ಅನ್ನುವುದು. ಅವರು "ಒತ್ತಿದೆ" ಅನ್ನುವುದು. ನಾನು ಬಿಚ್ಚುವುದು, ಗುಳ್ಳೆ ಬರುವುದು, ಮುಚ್ಚುವುದು. "ಬಿಡಿ." "ಬಿಟ್ಟೆ." ಹೀಗೇ ಒಂದೂವರೆ ಗಂಟೆ ಒತ್ತಿ, ಒತ್ತಿದೆ, ಬಿಡಿ, ಬಿಟ್ಟೆ. ಮಧ್ಯೆ ಮಧ್ಯೆ ಎದ್ದು ಹೋಗಿ ನೆಲದ ಪ್ಲಗ್ ತೆಗೆದು ಫ್ಲೂಯಿಡ್ ತುಂಬಬೇಕು, ಅಲ್ಲಿ ಖಾಲಿಯಾದರೆ ಮತ್ತೆ ಗಾಳಿ ಎಳೆದುಕೊಂಡು ಮೊದಲಿನಿಂದ ಶುರು.

ಹಾಕಿದ್ದು ಡಾಟ್ 4, ಗ್ಲೈಕಾಲ್ ಬ್ರೇಕ್ ಫ್ಲೂಯಿಡ್ಡಿನ ಒಂದು ದರ್ಜೆ. ಹೊಸದಾಗಿ ಸೀಲ್ ಒಡೆದ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಆದರೆ ಅದು ಗಾಳಿಯಿಂದ ತೇವ ಹೀರುತ್ತದೆ, ಒಂದಿಷ್ಟು ನೀರು ಸೇರಿದ ಮೇಲೆ ಲೆಕ್ಕ 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಗುಂಪಿನಲ್ಲಿ ಡಾಟ್ 5 ಸಿಲಿಕೋನ್ ಪಂಗಡ ಒಂದಿದೆ. ಅದು ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ, ವರ್ಷದಲ್ಲಿ ಹತ್ತು ದಿನ ಓಡುವ ಗಾಡಿಗೆ ಅದೇ ಸರಿ ಅಂತ ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಗ್ಲೈಕಾಲ್ ಜೊತೆ ಅದು ಬೆರೆಯುವುದಿಲ್ಲ, ಹಾಗಾಗಿ ಸಿಸ್ಟಮ್ ಪೂರ್ತಿ ಒಣಗಿ ಸ್ವಚ್ಛವಾಗಿರಬೇಕು. ಇದರ ಜೊತೆಗೆ ಡಾಟ್ 5.1 ಅಂತ ಇನ್ನೊಂದಿದೆ, ಅದು ಮತ್ತೆ ಗ್ಲೈಕಾಲ್. ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಈಗಾಗಲೇ ಒಂದು ಸಲ ತಪ್ಪು ದ್ರವ ಬಿದ್ದಿರುವ ಮನೆಯಲ್ಲಿ ಮೂರನೆಯದೊಂದನ್ನು ತರುವುದು ಬೇಡ ಅಂತ ನಾನು ಡಾಟ್ 4ರಲ್ಲೇ ಉಳಿದೆ.

ಮೂರನೇ ವಾರ: ಎಡ ಮುಂದಿನ ಚಕ್ರ

ಪೆಡಲ್ ಸೊಗಸಾಗಿ ಬಂತು. ಶೂ ಅಡ್ಜಸ್ಟ್ ಮಾಡಿದೆ. ಚಕ್ರದ ಮುಚ್ಚಳ ತೆಗೆದು, ಡ್ರಮ್‌ನ ತೂತನ್ನು ಅಡ್ಜಸ್ಟರ್ ಎದುರಿಗೆ ತಂದು, ಸ್ಕ್ರೂಡ್ರೈವರ್‌ನಿಂದ ಡ್ರಮ್ ನಿಲ್ಲುವ ತನಕ ತಿರುಗಿಸಿ, ಒಂದು ಕ್ಲಿಕ್ ಹಿಂದಕ್ಕೆ. ಮುಂದಿನದಕ್ಕೆ ಎರಡೆರಡು ಅಡ್ಜಸ್ಟರ್ ಅನ್ನುವುದನ್ನು ಮರೆತರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಐದು ಕಿಲೋಮೀಟರ್ ಓಡಿಸಿ ಬಂದೆ. ಮೂರು ಡ್ರಮ್ ತಣ್ಣಗೆ. ಎಡ ಮುಂದಿನದು ಬಿಸಿ.

ಈ ಸಲ ಒಂದೇ ಚಕ್ರ, ಅಂದರೆ ಚಕ್ರದ ಹತ್ತಿರವೇ ಹುಡುಕಬೇಕು. ಅಡ್ಜಸ್ಟರ್ ಸಡಿಲಿಸಿದೆ, ಹಾಗೇ ಇತ್ತು. ಡ್ರಮ್ ತೆಗೆದು ಸ್ಪ್ರಿಂಗ್ ಉಲ್ಟಾ ಹಾಕಿದ್ದೇನಾ ನೋಡಿದೆ, ಬಲಗಡೆಯದರ ಜೊತೆ ಹೋಲಿಸಿದೆ, ಸರಿ ಇತ್ತು. ಪಿಸ್ಟನ್ ಎರಡೂ ಬೆರಳಲ್ಲಿ ಒತ್ತಿದರೆ ಹೋಗಬೇಕು, ಹೋಗಲಿಲ್ಲ. ಸಿಲಿಂಡರ್ ಹಿಡಿದಿದೆ ಅಂತ ಮತ್ತೆ ಬಿಚ್ಚಲು ಹೊರಟವನು ಸುಮ್ನೆ ಒಂದು ಸಲ ನಿಪ್ಪಲ್ ಸಡಿಲಿಸಿ ನೋಡಿದೆ. ತಕ್ಷಣ ಪಿಸ್ಟನ್ ಒಳಗೆ ಜಾರಿತು. ಅಂದರೆ ಸಿಲಿಂಡರ್ ಚೆನ್ನಾಗಿದೆ, ಫ್ಲೂಯಿಡ್ ಮಾತ್ರ ವಾಪಸ್ ಹೋಗುತ್ತಿಲ್ಲ.

ಇನ್ನೊಂದು ಸಲ ಪೆಡಲ್ ಒತ್ತಿ ಚಕ್ರ ಹಿಡಿಸಿದೆ. ಈ ಸಲ ನಿಪ್ಪಲ್ ಮುಟ್ಟದೆ, ಹೋಸ್‌ಗಿಂತ ಮುಂಚೆ, ಕಬ್ಬಿಣದ ಪೈಪ್ ಹೋಸ್‌ಗೆ ಸೇರುವ ಯೂನಿಯನ್ ಸಡಿಲಿಸಿದೆ. ಎರಡು ಹನಿ ತೊಟ್ಟಿಕ್ಕಿತು. ಚಕ್ರ ಹಿಡಿದೇ ಇತ್ತು. ಯೂನಿಯನ್ ತೆರೆದಿದೆ, ಮೇಲಿನ ಪೈಪಿನಲ್ಲಿ ಒತ್ತಡವಿಲ್ಲ, ಆದರೂ ಚಕ್ರ ಬಿಡುತ್ತಿಲ್ಲ. ಹಾಗಾದರೆ ಒತ್ತಡ ಕೂತಿರುವುದು ಯೂನಿಯನ್‌ಗೂ ಚಕ್ರಕ್ಕೂ ಮಧ್ಯೆ. ಮಧ್ಯೆ ಇರುವುದು ಹೋಸ್ ಒಂದೇ.

ಹೊಸ ಹೋಸ್ ಹಾಕಿ, ಹಳೆಯದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನ ಪದರ, ನೂಲಿನ ಹೆಣಿಗೆ ಎಲ್ಲ ಹೊಸದರ ಹಾಗೇ. ಒಳಗಿನ ಕೊಳವೆ ಮಾತ್ರ ಊದಿ, ಸುಕ್ಕುಗಟ್ಟಿ, ನಡುವೆ ಒಂದು ಕಡೆ ತುಟಿಯ ಹಾಗೆ ಮುಚ್ಚಿಕೊಂಡಿತ್ತು. ಕಾಲಿನಿಂದ ಒತ್ತಿದಾಗ ಫ್ಲೂಯಿಡ್ ಜೋರಾಗಿ ಬಂದು ಆ ತುಟಿ ತೆರೆಸಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಹಿಂದಿನಿಂದ ತಳ್ಳುವುದು ಶೂ ಸ್ಪ್ರಿಂಗ್ ಒಂದೇ, ಅದಕ್ಕೆ ಅಷ್ಟು ಬಲ ಇಲ್ಲ. ಆ ತುಂಡನ್ನು ಬೆಂಚ್ ಮೇಲಿನ ಮೊಳೆಗೆ ನೇತು ಹಾಕಿದ್ದೇನೆ. ಬಲಗಡೆಯದನ್ನೂ ಬದಲಿಸಿದೆ, ಈ ಸಲ ಬಗ್ಗಿಸಿ ನೋಡುವ ಗೋಜಿಗೇ ಹೋಗಲಿಲ್ಲ. ಮತ್ತೆ ಬ್ಲೀಡಿಂಗ್. ಒತ್ತಿ, ಒತ್ತಿದೆ, ಬಿಡಿ, ಬಿಟ್ಟೆ.

ಮೂವತ್ತು ಕಿಲೋಮೀಟರ್ ಓಡಿಸಿದೆ, ನಾಲ್ಕೂ ತಣ್ಣಗೆ, ಬ್ರೇಕ್ ಲೈಟ್ ಆರುತ್ತಿದೆ ಅಂತ ಹಿಂದಿನ ಬೀಟಲ್‌ನಿಂದ ಹೆಬ್ಬೆರಳು. ಗಾಡಿ ಹಗುರ ಓಡುತ್ತಿತ್ತು. ಬ್ರೇಕ್ ಹಿಡಿಯುವುದು ನಿಂತಿದ್ದರಿಂದಲೇ ಇರಬೇಕು, ಇನ್ನೊಂದು ಕಾಯಿಲೆ ಈಗ ಸ್ಪಷ್ಟವಾಗಿ ಕಂಡಿತು: ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುವುದು.

ಎಸ್‌ಯು ಕಾರ್ಬುರೇಟರ್ (ನನ್ನ ಗಾಡಿಯಲ್ಲಿರುವುದೂ ಅದೇ) ಬಳಸಿದವರಿಗೆ ಇದು ಗೊತ್ತಿರುತ್ತದೆ. ಅದರ ಮೇಲಿನ ಡ್ಯಾಶ್‌ಪಾಟ್‌ನಲ್ಲಿ (ಮುಚ್ಚಳವಿರುವ ಸಣ್ಣ ಕೋಣೆ) ತೆಳು ಎಂಜಿನ್ ಆಯಿಲ್ ಇರುತ್ತದೆ, ಎಸ್ಎಇ 20. ಥ್ರಾಟಲ್ ದಿಢೀರ್ ತೆರೆದಾಗ ಒಳಗಿನ ಪಿಸ್ಟನ್ ಒಂದೇ ಸಲ ಮೇಲೆ ಹಾರದಂತೆ ಆ ಎಣ್ಣೆ ತಡೆಯುತ್ತದೆ, ಹಾಗೆ ತಡೆದಾಗ ಪೆಟ್ರೋಲ್ ಮಿಶ್ರಣ ಒಂದು ಕ್ಷಣ ಗಟ್ಟಿಯಾಗಿ ಎಂಜಿನ್ ಎಗರಿ ಹೋಗುತ್ತದೆ. ಎಣ್ಣೆ ಇಲ್ಲದಿದ್ದರೆ, ಅಥವಾ ತೀರಾ ನೀರಾಗಿದ್ದರೆ, ತಡವರಿಕೆ. ನಾನು ಅದಕ್ಕೆ ಆಗಾಗ ತುಂಬುತ್ತಲೇ ಇದ್ದೆ. ಮುಚ್ಚಳ ತಿರುಗಿಸಿ ತೆಗೆದು, ಡ್ಯಾಂಪರ್ ಮೇಲೆ ಕೆಳಗೆ ಆಡಿಸಿದೆ. ತಡೆಯೇ ಇಲ್ಲ. ಆದರೆ ಒಳಗೆ ತುಂಬ ದ್ರವ ಇದೆ.

ಕೈ ತಾನಾಗಿಯೇ ನೀರಿನ ಬಾಟಲಿಗೆ ಹೋಯಿತು. ಮೂರು ವಾರದಿಂದ ರೂಢಿ ಆಗಿಬಿಟ್ಟಿತ್ತಲ್ಲ. ಸಿರಿಂಜ್‌ನಲ್ಲಿ ಸ್ವಲ್ಪ ಎಳೆದು ನಾಲ್ಕು ಹನಿ ಬಿಟ್ಟೆ. ಎಣ್ಣೆ ಆಗಿದ್ದರೆ ತೇಲಬೇಕಿತ್ತು. ಹನಿಗಳು ನೆಟ್ಟಗೆ ಕೆಳಗಿಳಿದು, ಕರಗಿ, ಮಾಯವಾದವು.

ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಆಮೇಲೆ ಶೆಲ್ಫ್ ಕಡೆ ನೋಡಿದೆ. ದೊಡ್ಡ ಡಬ್ಬದಿಂದ ಸುರಿಯುವುದು ಕಷ್ಟ ಅಂತ ನಾನೇ ಎರಡು ಸಣ್ಣ ಬಾಟಲಿಗೆ ತುಂಬಿಸಿ ಇಟ್ಟಿದ್ದೆ. ಎರಡೂ ಒಂದೇ ಥರದ ಬಾಟಲ್, ಎರಡರಲ್ಲೂ ಜೇನಿನ ಬಣ್ಣದ ದ್ರವ, ಎರಡಕ್ಕೂ ಹೆಸರಿಲ್ಲ. ಎಡಗಡೆಯದು ಬ್ರೇಕಿಗೆ, ಬಲಗಡೆಯದು ಕಾರ್ಬುರೇಟರ್‌ಗೆ ಅಂತ ತಲೆಯಲ್ಲಿ ಇತ್ತು. ಕೆಲವು ತಿಂಗಳ ಹಿಂದೆ ಶೆಲ್ಫ್ ಒರೆಸಿ ಚೊಕ್ಕಟ ಮಾಡಿದ್ದೂ ನಾನೇ.

ಹಿಂದಿನ ಮಾಲೀಕನನ್ನು, ಫ್ಲೂಯಿಡ್ ಮಾರಿದವನನ್ನು, ಗಾಡಿ ಮುಟ್ಟಿದ ಎಲ್ಲರನ್ನೂ ಮೂರು ವಾರ ಬೈದಿದ್ದೆ. ಹಿರಿಯರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಡ್ಯಾಶ್‌ಪಾಟ್ ತೊಳೆದು ಸರಿಯಾದ ಎಣ್ಣೆ ಹಾಕಿದೆ, ತಡವರಿಕೆ ಅವತ್ತೇ ಹೋಯಿತು.

ಬೀಟಲ್ ಮಾಲೀಕ ಮುಂದಿನ ಭಾನುವಾರ ಬರುವಾಗ ಒಂದು ಸಣ್ಣ ಡಬ್ಬಿ ಕೆಂಪು ಪೇಂಟ್ ಮತ್ತು ಒಂದು ಬ್ರಷ್ ತಂದಿದ್ದ. ನನಗೆ ಕೊಡಲಿಲ್ಲ, ತಾನೇ ಶೆಲ್ಫ್ ಹತ್ತಿರ ಹೋಗಿ ಎರಡೂ ಬಾಟಲಿಯಿಂದ ನಾಲ್ಕು ನಾಲ್ಕು ಹನಿ ನೀರಿಗೆ ಬಿಟ್ಟು ನೋಡಿ, ಆಮೇಲೆ ಒಂದರ ಮೇಲೆ 'ತೇಲುತ್ತೆ', ಇನ್ನೊಂದರ ಮೇಲೆ 'ಮುಳುಗುತ್ತೆ' ಅಂತ ಬರೆದ.